ಅಟ್ಟದ ಟ್ರಂಕಿನ ಹಾರ್ನ್‌ಬಿ ರೈಲು: ಯಾವ ಕಾಲದ್ದು, ಎಷ್ಟು ಬಾಳುತ್ತದೆ?

ಪ್ರಶ್ನೆ: ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿನ ದೊರೆಯೊಬ್ಬರು ಊರು ಬಿಡುವಾಗ ಕೊಟ್ಟುಹೋದ ಆಟದ ರೈಲು ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿದೆ. ಕೀ ಕೊಡುವ ಹಸಿರು ಇಂಜಿನ್, ಅದರ ಪಕ್ಕದಲ್ಲಿ 1842 ಎಂಬ ನಂಬರು. ಹಿಂದಿನ ಕಲ್ಲಿದ್ದಲ ಗಾಡಿಯ ಮೇಲೆ ಎಲ್‌ಎನ್‌ಇಆರ್ ಎಂಬ ಅಕ್ಷರ, ಹಾರ್ನ್‌ಬಿ ಹೆಸರು. ಎರಡು ಕಂದು ಬೋಗಿ, 12 ಬಾಗಿದ ಹಳಿ, 4 ನೇರ ಹಳಿ, ಮುಚ್ಚಳ ಹರಿದ ಕೆಂಪು ರಟ್ಟಿನ ಡಬ್ಬ. ಜೊತೆಗೆ ಒಂದು ಗೇಣೂ ಇಲ್ಲದ, ಆದರೆ ಕೈಗೆ ಭಾರ ಬರುವ ಕಪ್ಪು ಇಂಜಿನ್ ಇದೆ. ಅದಕ್ಕೂ ಕೀ ತೂತಿದೆ, ಹಳಿ ಇಲ್ಲ. ಹಳೇ ಸಾಮಾನಿನ ವ್ಯಾಪಾರಿ ಎಲ್ಲಾ ಸೇರಿಸಿ 6,000 ರೂಪಾಯಿ ಅಂದರು. ಇಂಟರ್ನೆಟ್ಟಿನಲ್ಲಿ ಇಂಥದ್ದಕ್ಕೇ ಒಂದು ಲಕ್ಷ ಹಾಕಿದ್ದಾರೆ. ಯಾವುದನ್ನು ನಂಬಲಿ? ಬ್ರಾಸೊ ಹಾಕಿ ತಿಕ್ಕಿದರೆ ಇನ್ನಷ್ಟು ಬೆಲೆ ಬರುತ್ತದೆಯೇ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇವೆ. ತಿಕ್ಕಬೇಡಿ. ಬ್ರಾಸೊ ಬೇಡ, ಪೀತಾಂಬರಿ ಬೇಡ, ಹುಣಸೆಹಣ್ಣಂತೂ ಬೇಡವೇ ಬೇಡ. ಹಿತ್ತಾಳೆ ಚೊಂಬು ಹೊಳೆಯುವುದು ಅದರ ಮೇಲಿನ ಪದರ ಸವೆದು ಹೋಗುವುದರಿಂದ. ನಿಮ್ಮ ರೈಲಿನ ಬೆಲೆ ಇರುವುದೇ ಆ ಮೇಲಿನ ಪದರದಲ್ಲಿ. 1842 ಎಂಬ ನಂಬರಾಗಲಿ, ಎಲ್‌ಎನ್‌ಇಆರ್ ಅಕ್ಷರಗಳಾಗಲಿ ಕುಂಚದಲ್ಲಿ ಬರೆದವಲ್ಲ. ನೀರಿನಲ್ಲಿ ನೆನೆಸಿ ಅಂಟಿಸಿ, ಮೇಲೆ ವಾರ್ನಿಷ್ ಬಳಿದ ತೆಳ್ಳನೆಯ ಟ್ರಾನ್ಸ್‌ಫರ್. ನಾಲ್ಕು ಸಲ ತಿಕ್ಕಿದರೆ 1842ರಲ್ಲಿ 2 ಇರುವುದಿಲ್ಲ. ಸಂಗ್ರಾಹಕರು ಧೂಳು, ಮಾಸಲು, ಅಲ್ಲಲ್ಲಿ ಕಂಡ ತುಕ್ಕು ಇಷ್ಟನ್ನೂ ಸಹಿಸುತ್ತಾರೆ. ತಿಕ್ಕಿದ್ದನ್ನು ಮಾತ್ರ ಸಹಿಸುವುದಿಲ್ಲ.

ಈಗ ಹಸಿರು ಇಂಜಿನ್ ವಿಷಯ. ಹಾರ್ನ್‌ಬಿ ಎಂಬುದು ಲಿವರ್‌ಪೂಲಿನ ಮೆಕ್ಯಾನೊ ಕಂಪನಿ 1920ರಿಂದ ಹೊರತಂದ ರೈಲುಗಳ ಹೆಸರು. ಕಂಪನಿ ಕಟ್ಟಿದ ಫ್ರಾಂಕ್ ಹಾರ್ನ್‌ಬಿಯವರದ್ದೇ ಹೆಸರು. ಹಸಿರು ಬಣ್ಣ, 1842 ನಂಬರು, ಎಲ್‌ಎನ್‌ಇಆರ್ ಅಕ್ಷರ, ನಾಲ್ಕು ಚಕ್ರ ಮತ್ತು ಪ್ರತ್ಯೇಕ ಟೆಂಡರ್ (ಹಿಂದಿನ ಕಲ್ಲಿದ್ದಲ ಗಾಡಿ) ಇಷ್ಟೂ ಒಂದೆಡೆ ಸೇರಿದರೆ ಅದು 501 ನಂಬರಿನ ಮಾದರಿ. ಅದೇ ಇಂಜಿನ್ ಮರೂನ್ ಬಣ್ಣದಲ್ಲಿ ಬ್ರಿಟನ್ನಿನ ಇನ್ನೊಂದು ರೈಲ್ವೆಯ ಎಲ್‌ಎಂಎಸ್ ಅಕ್ಷರ, 5600 ನಂಬರು ಹೊತ್ತು ಬರುತ್ತಿತ್ತು. ಎರಡೂ ಎರಡನೇ ಮಹಾಯುದ್ಧ ಮುಗಿದ ಮೇಲಿನವು.

ಇಲ್ಲೇ ಬಹಳ ಜನ ಎಡವುವುದು. ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೇ) ಎಂಬ ಬ್ರಿಟಿಷ್ ರೈಲ್ವೆ 1923ರಲ್ಲಿ ಹುಟ್ಟಿತು, 1948ರ ಜನವರಿ 1ಕ್ಕೆ ಬ್ರಿಟನ್ನಿನ ರೈಲುಗಳೆಲ್ಲ ಸರ್ಕಾರದ ಪಾಲಾದಾಗ ಇಲ್ಲವಾಯಿತು. ‘ಹಾಗಾದರೆ ನನ್ನದು 1948ಕ್ಕಿಂತ ಹಳೆಯದು’ ಎಂದು ಲೆಕ್ಕ ಹಾಕಿಬಿಡುತ್ತಾರೆ. ಆಟಿಕೆ ಕಾರ್ಖಾನೆ ಮಾತ್ರ ಸರ್ಕಾರದ ಕ್ಯಾಲೆಂಡರ್ ನೋಡಿ ಬಣ್ಣ ಬದಲಿಸಲಿಲ್ಲ. 1954ರ ಹೊತ್ತಿಗೆ ಬ್ರಿಟಿಷ್ ರೈಲ್ವೇಸ್ ಬಣ್ಣದ 51 ನಂಬರಿನ ಮಾದರಿ ಬರುವವರೆಗೂ ಹಳೆಯ ಅಕ್ಷರಗಳನ್ನೇ ಅಂಟಿಸುತ್ತಿತ್ತು. ಆಟಿಕೆಯ ಮೇಲಿನ ಅಕ್ಷರ ‘ಇದಕ್ಕಿಂತ ಮುಂಚಿನದಲ್ಲ’ ಎಂದು ಮಾತ್ರ ಹೇಳುತ್ತದೆ, ‘ಇದಕ್ಕಿಂತ ಈಚಿನದಲ್ಲ’ ಎನ್ನುವುದಿಲ್ಲ. ನಿಮ್ಮದು 1940ರ ದಶಕದ ಕೊನೆ ಅಥವಾ 50ರ ದಶಕದ ಆರಂಭದ್ದು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂದವು; ದೊರೆಗಳು ಗಂಟುಮೂಟೆ ಕಟ್ಟಿದ ಕಾಲಕ್ಕೂ ಇದಕ್ಕೂ ತಾಳೆಯಾಗುತ್ತದೆ.

ವರ್ಷವನ್ನು ಇನ್ನೂ ಹತ್ತಿರಕ್ಕೆ ತರಬೇಕೆಂದರೆ ಡಬ್ಬದೊಳಗಿನ ಕಾಗದ ಹುಡುಕಿ. ಎಣ್ಣೆ ಹೇಗೆ ಬಿಡಬೇಕು, ಕೀ ಹೇಗೆ ಕೊಡಬೇಕು ಎಂದು ಹೇಳುವ ಸಣ್ಣ ಹಾಳೆಯ ತಳದಲ್ಲಿ ಇರುವೆ ಸಾಲಿನಂಥ ಅಂಕಿಗಳಿರುತ್ತವೆ. ಓರೆಗೆರೆಗಳ ನಡುವಿನ ಅಂಕಿಯೇ ತಿಂಗಳು ಮತ್ತು ವರ್ಷ: ನಡುವೆ 1148 ಇದ್ದರೆ 1948ರ ನವೆಂಬರ್, 953 ಇದ್ದರೆ 1953ರ ಸೆಪ್ಟೆಂಬರ್. ಅದು ಕಾಗದ ಅಚ್ಚಾದ ದಿನ, ಇಂಜಿನ್ ತಯಾರಾದ ದಿನವಲ್ಲ. ಆದರೂ ಡಬ್ಬದೊಂದಿಗೆ ಮೊದಲಿಂದ ಇದ್ದ ಕಾಗದವಾದರೆ ಒಂದೆರಡು ವರ್ಷದ ಅಂತರಕ್ಕೆ ತಂದುಕೊಡುತ್ತದೆ. ಆ ಹಾಳೆಯನ್ನು ಎಸೆಯಬೇಡಿ, ಲ್ಯಾಮಿನೇಷನ್ ಮಾಡಿಸಲೂಬೇಡಿ.

ಗೇಜು ಅಳೆಯಿರಿ. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಹಿಂದೆ ಓಡುತ್ತಿದ್ದ ಎರಡೂವರೆ ಅಡಿ ಗೇಜಿನ ಪುಟ್ಟ ರೈಲನ್ನು ಕಂಡವರಿಗೆ ಗೇಜು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಆಟಿಕೆಯಲ್ಲೂ ಹಾಗೆಯೇ: ಎರಡು ಹಳಿಗಳ ಒಳಅಂಚಿನ ನಡುವಿನ ಅಂತರ. 32 ಮಿ.ಮೀ. ಇದ್ದರೆ ಓ ಗೇಜು, 16.5 ಇದ್ದರೆ ಎಚ್‌ಒ ಅಥವಾ ಡಬಲ್ ಓ, 45 ಇದ್ದರೆ ಒಂದನೇ ಗೇಜು, 9 ಇದ್ದರೆ ಎನ್. ಹಳಿಯೇ ಇಲ್ಲದಿದ್ದರೆ ಇಂಜಿನ್ ಮಗುಚಿ, ಎದುರುಬದುರು ಚಕ್ರಗಳ ಬೆನ್ನಿನ ನಡುವಿನ ಅಂತರ ನೋಡಿ: ತಗಡಿನ ಓ ಗೇಜಿನಲ್ಲಿ 28ರ ಆಸುಪಾಸು, ಡಬಲ್ ಓದಲ್ಲಿ 14ರ ಆಸುಪಾಸು ಬರುತ್ತದೆ. ಶಾಲೆಯ ಸ್ಕೇಲು ಸಾಕು.

ಹಳಿಯ ಅಡಿಯಲ್ಲಿರುವ ತಗಡಿನ ಸ್ಲೀಪರ್ ಮೇಲೆ ಒತ್ತಿದ ಗುರುತು ಓದಿ. ಎ1 ಎಂದರೆ ಒಂದು ಅಡಿ ತ್ರಿಜ್ಯದ ಬಾಗು, ಆರು ಸೇರಿದರೆ ಪೂರ್ತಿ ವೃತ್ತ. ಎ2 ಎಂದರೆ ಎರಡು ಅಡಿ ತ್ರಿಜ್ಯ, ಅದಕ್ಕೆ ಹನ್ನೆರಡು ಬೇಕು. ಬಿ1 ನೇರ ಹಳಿ. ಮುಂದೆ ಇ ಅಕ್ಷರವಿದ್ದು ನಡುವೆ ಮೂರನೆಯ ಹಳಿ ಇದ್ದರೆ ಅದು ಕರೆಂಟಿನ ಇಂಜಿನ್ನಿನದು. ನಿಮ್ಮ ಹನ್ನೆರಡೂ ಎ2 ಆದರೆ ಒಂದು ವೃತ್ತ ಪೂರ್ತಿ ಇದೆ ಎಂದರ್ಥ. ಹಾಸಲು ನಾಲ್ಕೂವರೆ ಅಡಿ ಅಗಲದ ನೆಲ ಬೇಕು. ಎ1, ಎ2 ಬೆರೆತಿದ್ದರೆ ವೃತ್ತ ಕೂಡುವುದಿಲ್ಲ. ಕೂಡಿಸುತ್ತೇನೆಂದು ಅದುಮಿದರೆ ತುದಿಯ ಪಿನ್ನು ಬಾಗುತ್ತದೆ. ಹಳಿಯ ಬಗ್ಗೆ ಇಷ್ಟು ಸಾಕು. ಲಕ್ಷಗಟ್ಟಲೆ ತಯಾರಾದ ಮಾಲು, ತೂಕ ಜಾಸ್ತಿ, ಬೆಲೆ ಕಡಿಮೆ.

ಇನ್ನು ಆ ಕಪ್ಪು ಇಂಜಿನ್. ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ಬಹುಶಃ ವ್ಯಾಪಾರಿಯೂ ಅದರ ಬಗ್ಗೆ ಹೆಚ್ಚು ಮಾತಾಡಿರಲಿಕ್ಕಿಲ್ಲ. ನಮ್ಮ ಕಣ್ಣು ಹೋದದ್ದು ಅದರ ಮೇಲೆಯೇ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ತನ್ನಿ. ಹಸಿರು ಇಂಜಿನ್ನಿಗೆ ಅದು ಗಪ್ಪನೆ ಹಿಡಿಯುತ್ತದೆ, ಏಕೆಂದರೆ ಅದು ತಗಡು. ಕಪ್ಪು ಇಂಜಿನ್ನಿನ ಚಿಮಣಿ, ಮುಂಭಾಗದ ಅಂಚು, ಕ್ಯಾಬಿನ ಚಾವಣಿ ಈ ಜಾಗಗಳಲ್ಲಿ ಮೆಲ್ಲಗೆ ಇಟ್ಟು ನೋಡಿ. ನಡುವೆ ಇಡಬೇಡಿ, ಒಳಗಿನ ಉಕ್ಕಿನ ಸ್ಪ್ರಿಂಗು ಎಳೆದು ದಾರಿ ತಪ್ಪಿಸುತ್ತದೆ. ಅಂಚಿನಲ್ಲಿ ಹಿಡಿಯದೆ ಜಾರಿದರೆ ಮೈ ಸತುವಿನ ಮಿಶ್ರಲೋಹದ ಎರಕ. ಆಮೇಲೆ ಚಕ್ರ ಎಣಿಸಿ: ಆರು ದೊಡ್ಡವು, ಹಿಂದೆ ಎರಡು ಸಣ್ಣವು ಇದ್ದು, ಬೆನ್ನಿನ ಅಂತರ 14 ಮಿ.ಮೀ. ಬಂದರೆ ಅದು ಹಾರ್ನ್‌ಬಿ ಡಬ್ಲೊ ಎಂಬ ಸಣ್ಣ ಗೇಜಿನ ಸಾಲಿನ ಟ್ಯಾಂಕ್ ಇಂಜಿನ್ (ಪ್ರತ್ಯೇಕ ಟೆಂಡರ್ ಇಲ್ಲದ್ದು) ಇರಬೇಕು. ಪಕ್ಕದ ನಂಬರು 2690 ಇದ್ದರೆ ಎಲ್‌ಎನ್‌ಇಆರ್, 6917 ಇದ್ದರೆ ಎಲ್‌ಎಂಎಸ್.

ಡಬ್ಲೊ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಆಗ ಒಂದೇ ಇಂಜಿನ್ ಕರೆಂಟಿನದೂ ಸಿಗುತ್ತಿತ್ತು, ಕೀ ಕೊಡುವುದೂ ಸಿಗುತ್ತಿತ್ತು. ಯುದ್ಧ ಶುರುವಾಗಿ ಕಾರ್ಖಾನೆ ಬೇರೆ ಕೆಲಸಕ್ಕೆ ಇಳಿಯಿತು. ಯುದ್ಧದ ನಂತರ ಕರೆಂಟಿನ ಡಬ್ಲೊ ಮಾತ್ರ ಮರಳಿತು. ಕೀ ಕೊಡುವ ಡಬ್ಲೊ ಮತ್ತೆ ಬರಲೇ ಇಲ್ಲ. ಅಂದರೆ ಸ್ಪ್ರಿಂಗಿನ ಡಬ್ಲೊ ತಯಾರಾದದ್ದು ಕೆಲವೇ ವರ್ಷ. ತಾತನ ಟ್ರಂಕಿನಲ್ಲಿ ನಿಜವಾಗಿ ಬೆಲೆಬಾಳುವ ವಸ್ತು ಯಾವುದೆಂದರೆ ಇದೇ, ಹಸಿರು ಸೆಟ್ಟಿನ ಕೆಲವು ಪಟ್ಟು. ಆದರೆ ಎರಡು ಷರತ್ತು.

ಮೊದಲನೆಯದು, ತೂತು ನೋಡಿ ನಂಬಬೇಡಿ, ಸ್ಪ್ರಿಂಗು ನೋಡಿ ನಂಬಿ. ಮೈ ಒಂದರದು, ತಳ ಇನ್ನೊಂದರದು ಎಂದು ಜೋಡಿಸಿದ ಇಂಜಿನ್ನುಗಳಿವೆ. ಮಗುಚಿ, ಟಾರ್ಚ್ ಬಿಟ್ಟು, ಸುರುಳಿ ಸ್ಪ್ರಿಂಗು ಮತ್ತು ಹಲ್ಲಿನ ಚಕ್ರಗಳು ಕಾಣುತ್ತವೆಯೇ ನೋಡಿ. ತಳದಲ್ಲಿ ಮೆಕ್ಯಾನೊ ಹೆಸರು ಹುಡುಕಿ. ಮೈ ಪ್ಲಾಸ್ಟಿಕ್ ಆಗಿದ್ದರೆ ಕಥೆಯೇ ಬೇರೆ. ಅದು ಎಷ್ಟೋ ಈಚಿನ ಅಗ್ಗದ ಕೀ ಇಂಜಿನ್.

ಎರಡನೆಯದು ಸತುವಿನ ಕಾಯಿಲೆ. ಸತುವಿನ ಮಿಶ್ರಲೋಹಕ್ಕೆ ಒಂದಿಷ್ಟು ಸೀಸ ಕಲಬೆರಕೆಯಾಗಿದ್ದರೂ ಸಾಕು, ಲೋಹದ ಕಣಕಣಗಳ ಸಂದಿನಲ್ಲಿ ಒಳಗಿಂದೊಳಗೇ ಸವೆತ ಶುರುವಾಗಿ ಎರಕ ಊದಿಕೊಳ್ಳುತ್ತದೆ, ಬಾಗುತ್ತದೆ, ಕೊನೆಗೆ ರಸ್ಕಿನಂತೆ ಪುಡಿಯಾಗುತ್ತದೆ. ಯುದ್ಧಕ್ಕೆ ಮುಂಚಿನ ಎರಕಗಳಿಗೆ ಇದರ ಕಾಟ ಹೆಚ್ಚು. ಶೆಕೆ, ತೇವ ಸೇರಿದರೆ ಬೇಗ ಹಬ್ಬುತ್ತದೆ. ಒಳ್ಳೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಬಫರಿನ (ತುದಿಯಲ್ಲಿ ಗುದ್ದು ತಡೆಯುವ ಗುಂಡಿಯ) ಬುಡ, ಮೆಟ್ಟಿಲು, ಕ್ಯಾಬಿನ ಕಂಬ, ಚಕ್ರದ ಅರಗಳು ಇವನ್ನು ನೋಡಿ. ಏಪ್ರಿಲ್ ತಿಂಗಳ ಕೆರೆಯಂಗಳದಂತೆ ಕೂದಲೆಳೆ ಬಿರುಕುಗಳ ಬಲೆ ಕಂಡರೆ ಅದೇ ಕಾಯಿಲೆ. ಮೈ ಬದಿಯಿಂದ ನೋಡಿದಾಗ ಬಾಳೆಹಣ್ಣಿನಂತೆ ಬಳುಕಿದ್ದರೂ ಅದೇ. ಇದಕ್ಕೆ ಔಷಧಿಯಿಲ್ಲ. ಫೆವಿಕ್ವಿಕ್ ಬಿಟ್ಟರೆ ಬಿರುಕು ನಿಲ್ಲುವುದಿಲ್ಲ, ಬಣ್ಣ ಹಾಳಾಗುತ್ತದೆ. ಬಿರುಕಿದ್ದರೆ ಬೆಲೆ ತೀರಾ ಕುಸಿಯುತ್ತದೆ. ಚಕ್ರಗಳಿಗೆ ಮಾತ್ರ ತಗುಲಿದ್ದರೆ ಅಷ್ಟು ಚಿಂತೆ ಬೇಡ, ಬದಲಿ ಚಕ್ರ ಬ್ರಿಟನ್ನಿನಲ್ಲಿ ಸಿಗುತ್ತವೆ. ಹಾಕಿಸಿದರೆ ಮಾರುವಾಗ ಬಾಯಿಬಿಟ್ಟು ಹೇಳಬೇಕು, ಕಿತ್ತ ಹಳೆಯ ಚಕ್ರಗಳನ್ನು ಪೊಟ್ಟಣ ಕಟ್ಟಿ ಜೊತೆಗೇ ಕೊಡಬೇಕು.

ಓಡುತ್ತದೆಯೇ ಎಂದು ನೋಡುವ ಆಸೆ ಸಹಜ. ಆದರೆ ಎಪ್ಪತ್ತು ವರ್ಷ ಮಲಗಿದ ಯಂತ್ರದೊಳಗೆ ಹಳೆಯ ಗ್ರೀಸು ಅಂಟುಂಡೆಯಂತೆ ಗಟ್ಟಿಯಾಗಿರುತ್ತದೆ. ಒಮ್ಮೆಗೇ ಪೂರ್ತಿ ಕೀ ಕೊಟ್ಟರೆ ಸ್ಪ್ರಿಂಗು ಮುರಿಯಬಹುದು. ಮುರಿದ ಸ್ಪ್ರಿಂಗು ಹಲ್ಲಿನ ಚಕ್ರವನ್ನೂ ಕೆಡಿಸುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ತನ್ನಿ. ಸೂಜಿಯ ತುದಿಯಲ್ಲಿ ಅದ್ದಿ, ಪ್ರತಿ ಅಚ್ಚಿನ ತುದಿಗೂ ಹಲ್ಲಿನ ಚಕ್ರದ ಗೂಟಕ್ಕೂ ಒಂದೊಂದು ಹನಿ ಮುಟ್ಟಿಸಿ, ರಾತ್ರಿಯಿಡೀ ಬಿಡಿ. ಬಣ್ಣದ ಮೇಲೆ ಬೀಳಬಾರದು. ಕೊಬ್ಬರಿ ಎಣ್ಣೆ ಬೇಡ, ಕೋಲಾರದ ಡಿಸೆಂಬರ್ ಬೆಳಿಗ್ಗೆ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಯಂತ್ರದೊಳಗೆ ಬಿಟ್ಟೀತೇ? ಸೀಮೆಎಣ್ಣೆಯೂ ಬೇಡ, ಸ್ಪ್ರೇ ಡಬ್ಬಿಯೂ ಬೇಡ. ಮರುದಿನ ಚಕ್ರವನ್ನು ಅಂಗೈಯಲ್ಲಿ ತಡೆಹಿಡಿದು ಅರ್ಧರ್ಧ ಸುತ್ತಿನಂತೆ ನಾಲ್ಕೈದು ಸಲ ಕೀ ಕೊಟ್ಟು, ಮೆಲ್ಲಗೆ ಬಿಡಿ. ಒಂದೇ ಸಮನೆ ಗುರ್ರ್ ಎಂದರೆ ಆರೋಗ್ಯವಾಗಿದೆ. ಟಕ್ ಎಂದು ಜಾರಿದರೆ ಅಲ್ಲಿಗೇ ನಿಲ್ಲಿಸಿ. ಕೀ ಕಳೆದಿದ್ದರೆ ಗೋಡೆ ಗಡಿಯಾರದ್ದನ್ನು ತುರುಕಬೇಡಿ. ಅಳತೆ ತಪ್ಪಿದ ಕೀ ಒಳಗಿನ ಚೌಕ ಕಡ್ಡಿಯ ಮೂಲೆಗಳನ್ನು ತಿಂದು ದುಂಡಗೆ ಮಾಡುತ್ತದೆ, ಆಮೇಲೆ ಸರಿಯಾದ ಕೀ ಸಿಕ್ಕರೂ ಹಿಡಿಯುವುದಿಲ್ಲ. ಕಪ್ಪು ಇಂಜಿನ್ನಿನಲ್ಲಿ ಬಿರುಕು ಕಂಡಿದ್ದರೆ ಕೀ ಮುಟ್ಟಲೇಬೇಡಿ.

ಅಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮುಟ್ಟಿದ ಮೇಲೆ ಕೈ ತೊಳೆಯಿರಿ, ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಂದ ದೂರ ಇಡಿ.

ಬಣ್ಣ ಕಾರ್ಖಾನೆಯದೋ ಆಮೇಲೆ ಯಾರೋ ಬಳಿದದ್ದೋ ಎಂಬುದು ಮುಂದಿನ ಪರೀಕ್ಷೆ. ತಗಡಿನ ತುಂಡುಗಳನ್ನು ಸಣ್ಣ ನಾಲಿಗೆಗಳನ್ನು ತೂತಿಗೆ ತೂರಿಸಿ ಮಡಚಿ ಕೂಡಿಸಿರುತ್ತಾರೆ. ಆ ಮಡಿಕೆಯ ಮೇಲೆ ಬಣ್ಣ ಕೆನೆ ಕಟ್ಟಿದಂತೆ ದಪ್ಪಗೆ ಕೂತಿದ್ದರೆ, ಜೋಡಿಸಿದ ಮೇಲೆ ಬಳಿದಿದ್ದಾರೆ. ನಾಲಿಗೆಯ ಬುಡದಲ್ಲಿ ತಗಡು ಬೆಳ್ಳಗೆ ಮಿಂಚಿದರೆ ಯಾರೋ ಬಿಚ್ಚಿ ಕಟ್ಟಿದ್ದಾರೆ. ಎರಡು ಮೂರು ಸಲ ಮಡಚಿದ ನಾಲಿಗೆ ಮುರಿದೇ ಹೋಗುತ್ತದೆ. ಬೋಗಿಗಳ ಮಾತು ಬೇರೆ: ಕಿಟಕಿ, ಬಾಗಿಲು, ಮರದ ಗೆರೆ ಎಲ್ಲವನ್ನೂ ತಗಡಿನ ಮೇಲೆ ಅಚ್ಚು ಹೊಡೆದು ಆಮೇಲೆ ಕತ್ತರಿಸಿ ಮಡಚಿದ್ದಾರೆ, ಹಳೆಯ ಬಿಸ್ಕತ್ತು ಡಬ್ಬಗಳ ಹಾಗೆ. ಅಚ್ಚಿನ ಬಣ್ಣ ಒಮ್ಮೆ ಕೆರೆದರೆ ತೇಪೆ ಹಾಕಲು ಬರುವುದಿಲ್ಲ. ಹಾಕಿದ್ದರೆ ಬರಿಗಣ್ಣಿಗೇ ಕಾಣುತ್ತದೆ.

ಡಬ್ಬವನ್ನು ಹಗುರವಾಗಿ ಎಣಿಸಬೇಡಿ. ಹರಿದ ಮುಚ್ಚಳವೂ ದುಡ್ಡೇ. ಸೆಲ್ಲೋಟೇಪು ಅಂಟಿಸಿದರೆ ಮಾತ್ರ ಕೆಟ್ಟಿತು, ಅದರ ಗೋಂದು ಹಳದಿಗಟ್ಟಿ ರಟ್ಟನ್ನೂ ಕಿತ್ತುಕೊಂಡು ಬರುತ್ತದೆ. ಮದ್ರಾಸಿನದೋ ಬೆಂಗಳೂರಿನದೋ ಅಂಗಡಿ ಚೀಟಿ ಅಂಟಿದ್ದರೆ, ಪೆನ್ಸಿಲ್ಲಿನಲ್ಲಿ ಬೆಲೆ ಬರೆದಿದ್ದರೆ ಹಾಗೇ ಇರಲಿ. ಈಗ ಹೊಸದಾಗಿ ಅಚ್ಚು ಹಾಕಿಸಿದ ಡಬ್ಬಗಳೂ ಓಡಾಡುತ್ತಿವೆ. ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಬಿಟ್ಟಾಗ ಕಾಗದ ತಿಳಿನೀಲಿಯಾಗಿ ಹೊಳೆದರೆ, ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಎಂದರ್ಥ. ಯುದ್ಧದ ಮುಂಚಿನದು ಎಂದು ಹೇಳುವ ಡಬ್ಬ ಹಾಗೆ ಹೊಳೆಯಬಾರದು.

ಬೆಲೆಗೆ ಬರೋಣ. ಇಂಟರ್ನೆಟ್ಟಿನಲ್ಲಿ ನೀವು ಕಂಡ ಒಂದು ಲಕ್ಷ ಮಾರುವವನ ಆಸೆ, ಮಾರಾಟವಾದ ಬೆಲೆಯಲ್ಲ. ಈಬೇಯಲ್ಲಿ ‘ಮಾರಾಟವಾದವು ಮಾತ್ರ’ ಎಂದು ಸೋಸಿ ನೋಡಿ. ಆಟಿಕೆಗಳನ್ನೇ ಹರಾಜು ಹಾಕುವ ವೆಕ್ಟಿಸ್‌ನಂಥ ಬ್ರಿಟಿಷ್ ಸಂಸ್ಥೆಗಳು ಹಳೆಯ ಹರಾಜಿನ ಬೆಲೆಗಳನ್ನು ತಮ್ಮ ಜಾಲತಾಣದಲ್ಲಿಟ್ಟಿರುತ್ತವೆ. ಅದೇ ಮಾದರಿ, ಅದೇ ಅಕ್ಷರ, ಅದೇ ಸ್ಥಿತಿಯ ಐದಾರು ಮಾರಾಟ ಹುಡುಕಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟುಬಿಡಿ. ಸ್ಥಿತಿಯ ವಿಷಯದಲ್ಲಿ ನಿಮ್ಮ ಮೇಲೆ ನೀವೇ ಕಟುವಾಗಿರಿ. ಅಮೆರಿಕದ ಸಂಗ್ರಾಹಕರು ಸಿ1ರಿಂದ ಸಿ10ರವರೆಗೆ ಅಂಕ ಕೊಡುತ್ತಾರೆ, ಸಿ10 ಎಂದರೆ ಅಂಗಡಿಯಿಂದ ಈಗಷ್ಟೇ ತಂದಂತೆ. ಮನೆಯವರು ಸಿ8 ಅಂದುಕೊಂಡದ್ದು ಕೊಳ್ಳುವವನ ಕಣ್ಣಿಗೆ ಸಾಮಾನ್ಯವಾಗಿ ಸಿ5.

501 ಅಪರೂಪದ್ದಲ್ಲ. ಮನೆಮನೆಗೆ ಮಾರಿದ ಮಾದರಿ, ಇಂದಿಗೂ ಬ್ರಿಟನ್ನಿನ ಹರಾಜುಗಳಲ್ಲಿ ಧಾರಾಳವಾಗಿ ಬರುತ್ತದೆ. ಲೆಕ್ಕ ಹೀಗೆ ಹಾಕಿ: ನಿಮ್ಮಂಥ ಸೆಟ್ಟು 90 ಪೌಂಡಿಗೆ ಹೋಯಿತೆನ್ನಿ. ಹರಾಜಿನವರ ಕಮಿಷನ್ 20 ಶೇಕಡ ಎಂದರೆ 18 ಪೌಂಡು ಹೋಯಿತು. ಕೆಜಿಎಫ್‌ನಿಂದ ಅಲ್ಲಿಗೆ ನಾಲ್ಕು ಕೆ.ಜಿ. ಪಾರ್ಸೆಲ್ಲಿಗೆ 35 ಪೌಂಡು ಎಂದಿಟ್ಟುಕೊಂಡರೆ ಕೈಗೆ ಉಳಿದದ್ದು 37. ಪೌಂಡಿಗೆ 110 ರೂಪಾಯಿಯಂತೆ 4,070. ಹಸಿರು ಸೆಟ್ಟಿಗೆ ಮಾತ್ರ 6,000 ಕೊಡುತ್ತೇನೆಂದಿದ್ದರೆ ವ್ಯಾಪಾರಿಯನ್ನು ಬೈಯುವಂತಿರಲಿಲ್ಲ, ಒಳ್ಳೆಯ ಬೆಲೆಯೇ. ಕಪ್ಪು ಇಂಜಿನ್ನನ್ನೂ ಅದರಲ್ಲೇ ಸೇರಿಸಿಕೊಂಡದ್ದು ಸರಿಯಲ್ಲ. ಎರಡನ್ನೂ ಬೇರೆಬೇರೆ ಮಾಡಿ, ಬೇರೆಬೇರೆ ಬೆಲೆ ಕೇಳಿ. ಹೊರದೇಶಕ್ಕೆ ಕಳಿಸುವುದಾದರೆ ಕಪ್ಪು ಇಂಜಿನ್ ಒಂದನ್ನೇ ಕಳಿಸಿ: ಹಗುರ, ಸಣ್ಣದು, ಸಾಗಣೆಯ ಖರ್ಚನ್ನು ಹೊರಬಲ್ಲದು. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಅನುಮತಿಯಿಲ್ಲದೆ ದೇಶದಿಂದಾಚೆ ಕಳಿಸಲು 1972ರ ಕಾಯ್ದೆ ಬಿಡುವುದಿಲ್ಲ. ನಿಮ್ಮವೆರಡೂ ಆ ವಯಸ್ಸಿನವಲ್ಲ.

ಗಣಿ ಪ್ರದೇಶದ ಹಳೆಯ ಮನೆಗಳಲ್ಲಿ ಬೇರೆ ಹೆಸರುಗಳೂ ಸಿಕ್ಕಾವು. ಜಿಬಿಎನ್ ಎಂಬ ಮೂರಕ್ಷರ ನ್ಯೂರೆಂಬರ್ಗಿನ ಬಿಂಗ್ ಕಂಪನಿಯ ಹಳೆಯ ಗುರುತು, ಮೊದಲ ಮಹಾಯುದ್ಧದ ಆಸುಪಾಸಿನವರೆಗಿನದು. ಬಿಡಬ್ಲ್ಯು ಎಂದಿದ್ದರೆ ಅದೇ ಕಂಪನಿಯ ನಂತರದ ಮಾಲು. ‘ಯು.ಎಸ್. ಝೋನ್ ಜರ್ಮನಿ’ ಎಂದಿದ್ದರೆ 1945ರ ನಂತರದ ಕೆಲವೇ ವರ್ಷಗಳದು. ಅಮೆರಿಕದ ಲಯೊನೆಲ್ ಸಿಕ್ಕರೆ ಅದರ ಟ್ರಾನ್ಸ್‌ಫಾರ್ಮರನ್ನು ನಮ್ಮ ಪ್ಲಗ್ಗಿಗೆ ಹಾಕಬೇಡಿ. ಅದು 110 ವೋಲ್ಟಿನ ಲೆಕ್ಕದ್ದು, ನಮ್ಮ 230ಕ್ಕೆ ಕ್ಷಣದಲ್ಲಿ ಸುಡುತ್ತದೆ. ಯಾವ ದೇಶದ್ದೇ ಆಗಲಿ, ಬಟ್ಟೆ ಸುತ್ತಿದ ವೈರಿನೊಳಗಿನ ರಬ್ಬರು ಪುಡಿಯಾಗಿರುತ್ತದೆ. ಎಲೆಕ್ಟ್ರಿಷಿಯನ್ ಕೈಗೆ ಹೋಗದೆ ಕರೆಂಟು ಕೊಡುವಂತಿಲ್ಲ.

ಮಾರುವವರೆಗೆ ಇಡುವುದು ಹೇಗೆ? ಅಟ್ಟಕ್ಕೆ ವಾಪಸ್ ಹಾಕಬೇಡಿ, ಹೆಂಚಿನ ಅಡಿಯ ಬೇಸಿಗೆ ಕಾವು ಸತುವಿಗೂ ಆಗದು, ವಾರ್ನಿಷ್ಷಿಗೂ ಆಗದು. ಹಳೆಯ ಮೆತ್ತನೆಯ ಪಂಚೆಯ ತುಂಡಿನಲ್ಲಿ ಒಂದೊಂದನ್ನೂ ಬೇರೆಯಾಗಿ ಸುತ್ತಿ, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕೈದು ಹಾಕಿ, ಮರದ ಬೀರುವಿನ ನಡು ಅರೆಯಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರು ಕಟ್ಟುತ್ತದೆ. ಸುದ್ದಿಪತ್ರಿಕೆಯ ಮಸಿ ಬಣ್ಣಕ್ಕೆ ಹತ್ತುತ್ತದೆ.

ವ್ಯಾಪಾರಿಗೆ ತೋರಿಸುವ ಮುಂಚೆ ಪಡಸಾಲೆಯ ಬೆಳಕಿನಲ್ಲಿ ಬಿಳಿ ಬಟ್ಟೆ ಹಾಸಿ, ಪ್ರತಿ ಇಂಜಿನ್ನಿನ ಎರಡು ಪಕ್ಕ, ಮುಂದೆ, ಹಿಂದೆ, ಮೇಲೆ, ಅಡಿ ಹೀಗೆ ಆರಾರು ಫೋಟೊ ತೆಗೆಯಿರಿ, ಫ್ಲ್ಯಾಶ್ ಬೇಡ, ಪಕ್ಕದಲ್ಲಿ ಸ್ಕೇಲು ಇರಲಿ. ಬಿರುಕು, ತುಕ್ಕು ಇದ್ದ ಕಡೆ ಇನ್ನೂ ಹತ್ತಿರದಿಂದ. ತಾತನ ಕೆಲಸದ ಕಾಗದವೋ ಆ ಬಂಗಲೆಯ ಹಳೆಯ ಫೋಟೊವೋ ಇದ್ದರೆ ಅದನ್ನೂ ಜೊತೆಗೆ ತೆಗೆದಿಡಿ. ಕಪ್ಪು ಇಂಜಿನ್ನಿನ ಅಡಿಭಾಗದ ಫೋಟೊವನ್ನು 1969ರಿಂದ ನಡೆಯುತ್ತಿರುವ ಬ್ರಿಟನ್ನಿನ ಹಾರ್ನ್‌ಬಿ ರೈಲ್ವೇ ಕಲೆಕ್ಟರ್ಸ್ ಅಸೋಸಿಯೇಷನ್ನಿನ ಸದಸ್ಯರ ಕಣ್ಣಿಗೆ ಬೀಳಿಸಿ, ಅವರ ಮಾತು ಕೇಳಿದ ಮೇಲೆಯೇ ವ್ಯಾಪಾರಿಯೊಂದಿಗೆ ಅದರ ಮಾತೆತ್ತಿ.